ಒಂಬತ್ತನೇ ಕ್ಲಾಸಿನವರ ನಡುವೆ ಬೊನಿಫಾಸ್

ಮುಂಬಯಿಯ ಭಾಂಡುಪಿನ ಸ್ಟೇಶನ್ ರಸ್ತೆಯಲ್ಲಿರುವ ಮೋನಪ್ಪ ಶೆಟ್ಟರ ಹೋಟೆಲಿನಲ್ಲಿ ಭಾನುವಾರದ ತಿಂಡಿ ತಿನ್ನುವುದು ನನಗೆ ಇಪ್ಪತ್ತು ವರ್ಷಗಳ ಅಭ್ಯಾಸ. ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ ನನ್ನ ತಟ್ಟೆಗೆ ಬಂದ ದೋಸೆ ಒಂದು ಬದಿಯಲ್ಲಿ ದಪ್ಪ, ಇನ್ನೊಂದು ಬದಿಯಲ್ಲಿ ಹರಿದಿತ್ತು. ಪಕ್ಕದ ಮೇಜಿನವರದ್ದೂ ಹಾಗೆಯೇ. ಎದ್ದು ಒಳಗೆ ಇಣುಕಿದೆ. ಕಾವಲಿಯ ಮುಂದೆ, ಬಿಳಿ ಶರ್ಟಿನ ತೋಳು ಮಡಚಿಕೊಂಡು, ಬೆವರುತ್ತಾ ನಿಂತವರು ಖುದ್ದು ಮಾಲೀಕರು.

ಬೊನಿಫಾಸ್ ಎಲ್ಲಿ ಎಂದು ಕೇಳಿದೆ.

"ಕ್ಲಾಸಿಗೆ ಹೋಗಿದ್ದಾನೆ," ಎಂದರು ಶೆಟ್ಟರು, ತಲೆ ಎತ್ತದೆ.

ಬೊನಿಫಾಸ್ ಮಿನೇಜಸ್ ಎಂದರೆ ಆ ಹೋಟೆಲಿನ ದೋಸೆ. ವಯಸ್ಸು ಐವತ್ತೊಂಬತ್ತು. ಮೂವತ್ತು ವರ್ಷಗಳಿಂದ ಅದೇ ಕಾವಲಿಯ ಮುಂದೆ ನಿಂತವರು. ಅಂಥವರು ಯಾವ ಕ್ಲಾಸಿಗೆ ಹೋದಾರು? ಮರುದಿನ ಮಧ್ಯಾಹ್ನ, ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಅವರನ್ನೇ ಕೇಳಿದೆ. ಮೊದಲು ನಕ್ಕರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಉಳಿದದ್ದನ್ನು ಅವರ ಹೆಂಡತಿ ಬೆನೆಡಿಕ್ಟಾ ಅವರಿಂದ, ಶೆಟ್ಟರಿಂದ ತಿಳಿದುಕೊಂಡೆ. ಕೊನೆಯ ಭಾಗವನ್ನು ಕಣ್ಣಾರೆ ಕಂಡೆ.

ಬೊನಿಫಾಸರ ಊರು ಶಿರ್ವದ ಹತ್ತಿರ. ಎಂಟನೇ ವಯಸ್ಸಿನಲ್ಲಿ ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮೊದಲ ಪರಮಪ್ರಸಾದ ಸ್ವೀಕರಿಸಿದ್ದರು. ಅದರ ನಂತರ ಆಗಬೇಕಾದದ್ದು ದೃಢೀಕರಣ. ದೀಕ್ಷಾಸ್ನಾನದಲ್ಲಿ ತಂದೆತಾಯಿ ಮಗುವಿನ ಪರವಾಗಿ ಕೊಟ್ಟ ಮಾತನ್ನು, ಬುದ್ಧಿ ಬಂದ ಮೇಲೆ ತಾನೇ ಕೊಡುವ ಸಂಸ್ಕಾರ ಅದು ಎಂದು ಅವರು ನನಗೆ ವಿವರಿಸಿದರು. ಹಣೆಗೆ ಎಣ್ಣೆ ಹಚ್ಚಲು ಬಿಷಪರೇ ಬರಬೇಕು. ಆಗೆಲ್ಲ ಬಿಷಪರು ಹಳ್ಳಿಗೆ ಬರುತ್ತಿದ್ದದ್ದು ನಾಲ್ಕೈದು ವರ್ಷಕ್ಕೊಮ್ಮೆ. ಅವರು ಬಂದದ್ದು ೧೯೭೯ರಲ್ಲಿ. ಬೊನಿಫಾಸ್ ಅದರ ಹಿಂದಿನ ವರ್ಷವೇ ಮಾವನ ಜೊತೆ ಬೊಂಬಾಯಿಯ ಬಸ್ಸು ಹತ್ತಿ ಬೈಕುಲ್ಲಾದ ಒಂದು ಹೋಟೆಲು ಸೇರಿದ್ದರು.

ಆಮೇಲೆ ಏಕೆ ಆಗಲಿಲ್ಲ ಎಂದರೆ ಉತ್ತರ ಬಹಳ ಸರಳ. ಮುಂಬಯಿಯ ಎಲ್ಲ ಇಗರ್ಜಿಗಳಲ್ಲಿ ಧರ್ಮೋಪದೇಶದ ಕ್ಲಾಸು ನಡೆಯುವುದು ಭಾನುವಾರ ಬೆಳಿಗ್ಗೆ. ಹೋಟೆಲಿಗೆ ಅತಿ ಹೆಚ್ಚು ಜನ ಬರುವುದೂ ಭಾನುವಾರ ಬೆಳಿಗ್ಗೆ. ನಲವತ್ತೇಳು ವರ್ಷಗಳಲ್ಲಿ ಅವರು ಪೂಜೆಗೆ ಹೋದದ್ದು ಶನಿವಾರ ಸಂಜೆ, ಅದೂ ಬಿಡುವು ಸಿಕ್ಕಿದರೆ. ಮದುವೆಯ ಹೊತ್ತಿಗೆ ಊರಿನ ಮುದಿ ಪಾದ್ರಿಗಳಿಗೆ ವಿಷಯ ಗೊತ್ತಾಗಿತ್ತು. ಬೊಂಬಾಯಿಗೆ ಹೋಗಿ ಮಾಡಿಸಿಕೋ ಎಂದು ಹೇಳಿ ಮದುವೆ ಮಾಡಿಸಿದ್ದರು. ಬೊನಿಫಾಸ್ ತಲೆಯಾಡಿಸಿ ಬಂದಿದ್ದರು. ಹೆಂಡತಿಗೆ ಹೇಳಿರಲಿಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ಅವರ ದೊಡ್ಡ ಮಗಳು ನಿಶಾ ಎರಡನೆಯ ಸಲ ಗರ್ಭಿಣಿಯಾದಳು. ಅವರಲ್ಲಿ ಮೊದಲ ಮಗುವಿಗೆ ಗಂಡನ ಕಡೆಯ ಅಜ್ಜ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಧರ್ಮಪಿತನಾದರೆ, ಎರಡನೆಯದಕ್ಕೆ ಹೆಣ್ಣಿನ ಕಡೆಯ ಅಜ್ಜ. ಅಂದರೆ ಬೊನಿಫಾಸ್. ನಿಶಾ ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು, ಎಲ್ಲ ಕಾಗದವನ್ನೂ ಮುಂಚಿತವಾಗಿ ಜೋಡಿಸುವ ಸ್ವಭಾವ. ನಾಲ್ಕನೇ ತಿಂಗಳಲ್ಲೇ ಇಗರ್ಜಿಯ ಆಫೀಸಿನಿಂದ ಫಾರ್ಮು ತಂದು ಅಪ್ಪನ ಎದುರು ಇಟ್ಟಳು. ಧರ್ಮಪಿತನಾಗುವವನ ದೃಢೀಕರಣದ ಸರ್ಟಿಫಿಕೇಟು ಬೇಕಿತ್ತು. ಅಪ್ಪ ಹುಡುಕುತ್ತೇನೆ ಎಂದರು. ಎರಡು ವಾರ ಹುಡುಕುತ್ತಲೇ ಇದ್ದರು. ಕೊನೆಗೆ ನಿಶಾ ನೇರವಾಗಿ ಊರಿನ ಇಗರ್ಜಿಗೆ ಫೋನು ಮಾಡಿದಳು. ಅಲ್ಲಿನ ಪಾದ್ರಿಗಳು ರಿಜಿಸ್ಟರಿನ ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ದೀಕ್ಷಾಸ್ನಾನ ೧೯೬೬, ಮೊದಲ ಪರಮಪ್ರಸಾದ ೧೯೭೪, ವಿವಾಹ ೧೯೯೧. ದೃಢೀಕರಣದ ಎದುರು ಏನೂ ಬರೆದಿರಲಿಲ್ಲ.

ಆ ಸಂಜೆ ಬೆನೆಡಿಕ್ಟಾ ಮೊಬೈಲನ್ನು ಗಂಡನ ಮುಂದೆ ಹಿಡಿದರು. ಅವರ ಮನೆಮಾತು ಕೊಂಕಣಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮೂವತ್ತನಾಲ್ಕು ವರ್ಷ ಆಯ್ತು. ಒಂದು ಮಾತು ಹೇಳಲಿಲ್ಲ ನೀವು."

"ಯಾರೂ ಕೇಳಲಿಲ್ಲ," ಎಂದರು ಬೊನಿಫಾಸ್.

ಬೆನೆಡಿಕ್ಟಾ ಮೂರು ದಿನ ಮಾತು ಕಡಿಮೆ ಮಾಡಿದರು. ದೃಢೀಕರಣ ಆಗದಿದ್ದದ್ದು ಅವರಿಗೆ ದೊಡ್ಡದಾಗಿರಲಿಲ್ಲ. ಮುಚ್ಚಿಟ್ಟದ್ದಕ್ಕೆ ನೋವಾಗಿತ್ತು. ನಾಲ್ಕನೇ ದಿನ ಇಬ್ಬರೂ ಸೇರಿ ಪಾದ್ರಿಗಳನ್ನು ನೋಡಲು ಹೋದರು. ಪಾದ್ರಿಗಳು ಇನ್ನೂ ನಲವತ್ತು ದಾಟದವರು. ದೊಡ್ಡವರಿಗೆ ಬೇರೆ ದಾರಿ ಇದೆ, ನಾಲ್ಕು ಮಧ್ಯಾಹ್ನ ನನ್ನ ಆಫೀಸಿಗೆ ಬನ್ನಿ, ಅರ್ಧರ್ಧ ಗಂಟೆ ಮಾತಾಡೋಣ, ನವೆಂಬರಿನಲ್ಲಿ ಬಿಷಪರು ಬಂದಾಗ ಮಕ್ಕಳ ಜೊತೆ ನಿಂತರೆ ಆಯಿತು ಎಂದರು. ಬೊನಿಫಾಸರಿಗೆ ಹಗುರವಾಯಿತು. ಒಪ್ಪಿಕೊಂಡು ಹೊರಗೆ ಬಂದರು.

ಗೇಟಿನ ಹತ್ತಿರ ಬೆನೆಡಿಕ್ಟಾ ನಿಂತುಬಿಟ್ಟರು. ಮದುವೆಯಾದಂದಿನಿಂದ ಪ್ರತಿ ಭಾನುವಾರ ಅವರು ಪೂಜೆಗೆ ಹೋದದ್ದು ಒಬ್ಬರೇ. ಆಮೇಲೆ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದುಕೊಂಡು. ಮಕ್ಕಳ ಮದುವೆಯಾದ ಮೇಲೆ ಮತ್ತೆ ಒಬ್ಬರೇ. ಅದನ್ನು ಅವರು ಎಂದೂ ದೂರಿನಂತೆ ಹೇಳಿದವರಲ್ಲ. ಅಂದು ಮಾತ್ರ ಹೇಳಿದರು: "ಆ ಮಧ್ಯಾಹ್ನ ಬೇಡ. ಮಕ್ಕಳ ಕ್ಲಾಸಿಗೇ ಹೋಗಿ. ಶೆಟ್ಟರ ಹತ್ತಿರ ಭಾನುವಾರದ ರಜೆ ಕೇಳಿ."

ಶೆಟ್ಟರನ್ನು ಕೇಳುವುದು ಸುಲಭವಿರಲಿಲ್ಲ. ಭಾನುವಾರ ಎಂಟರಿಂದ ಹನ್ನೊಂದರ ತನಕ ನಮ್ಮ ಹೋಟೆಲಿನ ಮುಂದೆ ಜನ ಟೋಕನು ಹಿಡಿದು ಫುಟ್‌ಪಾತಿನಲ್ಲಿ ನಿಲ್ಲುತ್ತಾರೆ. ಬೊನಿಫಾಸ್ ಎರಡು ದಿನ ಮಾತು ಹುಡುಕಿ, ಮೂರನೇ ದಿನ ಹಿಟ್ಟು ರುಬ್ಬುವ ಮಿಶಿನಿನ ಸದ್ದಿನ ನಡುವೆ ಹೇಳಿಬಿಟ್ಟರು. ಇಬ್ಬರೂ ಮಾತಾಡುವುದು ತುಳುವಿನಲ್ಲಿ. ಸೋಮವಾರ ಇಡೀ ದಿನ ರಜೆ ತೆಗೆದುಕೋ ಎಂದರು ಶೆಟ್ಟರು. ಕ್ಲಾಸು ಇರುವುದು ಭಾನುವಾರ ಎಂದರು ಬೊನಿಫಾಸ್. ಎಷ್ಟು ವಾರ ಎಂದು ಕೇಳಿದರು ಶೆಟ್ಟರು. ಇಪ್ಪತ್ತು. ಶೆಟ್ಟರು ಮಿಶಿನು ನಿಲ್ಲಿಸಿದರು.

"ನಿನಗೆ ಕಾವಲಿ ಕಲಿಸಿದ್ದು ಯಾರು?"

"ನೀವೇ."

"ಹಾಗಾದರೆ ಹೋಗು. ನಾನು ನಿಲ್ತೇನೆ."

ಅದು ನಿಜ. ಬೈಕುಲ್ಲಾದ ಆ ಹಳೆಯ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದದ್ದು ಹದಿನೇಳರ ಮೋನಪ್ಪ. ಲೋಟ ತೊಳೆಯುತ್ತಿದ್ದ ಬೊನಿಫಾಸರನ್ನು ಕಾವಲಿಯ ಹತ್ತಿರ ಕರೆದವರೂ ಅವರೇ. ಹೋಟೆಲು ತೆರೆದ ಮೇಲೆ ಶೆಟ್ಟರು ಗಲ್ಲಾದಲ್ಲಿ ಕುಳಿತರು, ಕೈ ಮರೆತುಹೋಗಿತ್ತು. ಅದು ನನ್ನ ತಟ್ಟೆಗೂ ಗೊತ್ತಾಗಿತ್ತು.

ಮೊದಲ ಭಾನುವಾರ ಗಂಡ ಹೆಂಡತಿ ಎಂಟೂವರೆಯ ಪೂಜೆಗೆ ಜೊತೆಯಾಗಿ ಹೋದರು. ಅದಾದ ಮೇಲೆ ಬೆನೆಡಿಕ್ಟಾ ಮನೆಗೆ, ಬೊನಿಫಾಸ್ ಪಕ್ಕದ ಶಾಲೆಯ ಎರಡನೇ ಮಾಳಿಗೆಗೆ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಇನ್ನೂರು ಪುಟದ ಪುಸ್ತಕ. ಅವರು ಬಾಗಿಲಲ್ಲಿ ಕಾಣಿಸಿದ್ದೇ ತಡ, ಒಂಬತ್ತನೇ ಕ್ಲಾಸಿನ ಇಪ್ಪತ್ತೆರಡು ಮಕ್ಕಳು ಎದ್ದುನಿಂತು ರಾಗವಾಗಿ ಗುಡ್ ಮಾರ್ನಿಂಗ್ ಸರ್ ಎಂದರು. ಹೊಸ ಟೀಚರು ಎಂದು ತಿಳಿದಿದ್ದರು. ಬೊನಿಫಾಸ್ ಗಾಬರಿಯಾಗಿ, "ಮೈ ಟೀಚರ್ ನಹೀ, ಸ್ಟೂಡೆಂಟ್ ಹೂಂ," ಎಂದರು. ಮಕ್ಕಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನಿಜವಾದ ಟೀಚರು ವಿಜೇತಾ, ಇಪ್ಪತ್ತಾರರ ಹುಡುಗಿ. ವಾರವಿಡೀ ಮುಲುಂಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ, ಭಾನುವಾರ ಈ ಕ್ಲಾಸು. ತಂದೆತಾಯಿ ಮೂಲ್ಕಿಯವರು, ಅವಳು ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಆಡಲು ತಡವರಿಸುತ್ತಾಳೆ. ತನ್ನ ಅಪ್ಪನಿಗಿಂತ ದೊಡ್ಡವರಿಗೆ ಪಾಠ ಹೇಳಬೇಕೆಂದು ಆ ಬೆಳಿಗ್ಗೆ ಅವಳು ಪಾಠವನ್ನು ಎರಡು ಸಲ ಓದಿಕೊಂಡು ಬಂದಿದ್ದಳಂತೆ. ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದಳು. ಬೆಂಚು ಮಕ್ಕಳ ಅಳತೆಯದು. ಬೊನಿಫಾಸ್ ಕಾಲುಗಳನ್ನು ಹೊರಗೆ ಚಾಚಿಯೇ ಕೂರಬೇಕಾಯಿತು.

ಕ್ಲಾಸೆಲ್ಲ ಇಂಗ್ಲಿಷಿನಲ್ಲಿ. ಬೊನಿಫಾಸರ ಇಂಗ್ಲಿಷು ಮೆನು ಕಾರ್ಡಿನಷ್ಟು. ಕೇಳಿದ್ದನ್ನು ಕೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದರು. ಪಕ್ಕದಲ್ಲಿ ಕೂತ ಶಾನೆಲ್ ಎಂಬ ಹುಡುಗಿ ಎರಡನೇ ವಾರದಿಂದ ಪಿಸುಮಾತಿನಲ್ಲಿ ಹಿಂದಿ ಅರ್ಥ ಹೇಳತೊಡಗಿದಳು. ಅವಳಿಗೆ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಕೈ ಎತ್ತುತ್ತಿದ್ದರು.

ಆಗಸ್ಟಿನಲ್ಲಿ ಪವಿತ್ರಾತ್ಮನ ಏಳು ವರಗಳ ಪಾಠ ಬಂತು. ಮಕ್ಕಳು ಪಟಪಟನೆ ಇಂಗ್ಲಿಷಿನಲ್ಲಿ ಒಪ್ಪಿಸಿದರು. ಬೊನಿಫಾಸರ ಸರದಿ ಬಂದಾಗ ಅವರು ಎದ್ದುನಿಂತು, ಬಾಲ್ಯದಲ್ಲಿ ಕಲಿತದ್ದನ್ನು ಕೊಂಕಣಿಯಲ್ಲಿ ಹೇಳಿದರು. ಏಳಕ್ಕೆ ಏಳು ಬಂತು, ಅವರಿಗೇ ಆಶ್ಚರ್ಯ. ಆದರೆ ಪುಸ್ತಕದಲ್ಲಿ ತಾವೇ ಬರೆದುಕೊಂಡ 'ಫಾರ್ಟಿಟ್ಯೂಡ್' ಆ ಏಳರಲ್ಲಿ ಯಾವುದು ಎಂದು ಗೊತ್ತಾಗಲಿಲ್ಲ. ಕೇಳಿದರು. ವಿಜೇತಾ ಅವರ ಬೆಂಚಿನ ಹತ್ತಿರ ಬಂದಳು.

"ಅಂಕಲ್, ಅದು... ಮೀನ್ಸ್, ಎಷ್ಟು ಕಷ್ಟ ಆದ್ರೂ ಹಟ್‌ನಾ ನಹೀ. ನಿಲ್ಲೋದು."

"ನಿಲ್ಲುವುದಾದರೆ ನನಗೆ ಅಭ್ಯಾಸ ಉಂಟು ಟೀಚರ್," ಎಂದರು ಬೊನಿಫಾಸ್.

ವಿಜೇತಾ ಅದನ್ನು ಹಿಂದಿಗೆ ತಿರುಗಿಸಿದ ಮೇಲೆ ಕ್ಲಾಸು ನಕ್ಕಿತು. ಆದರೆ ಬೊನಿಫಾಸ್ ಕೂರಲಿಲ್ಲ. ತಾನು ನಿಂತದ್ದು ಸಂಬಳಕ್ಕೆ, ಅದೇನು ದೊಡ್ಡದಲ್ಲ ಎಂದರು. ಮನೆಯಲ್ಲಿ ಒಬ್ಬಳು ಇದ್ದಾಳೆ, ಮಳೆ ಇರಲಿ, ಮಕ್ಕಳಿಗೆ ಜ್ವರ ಇರಲಿ, ಗಂಡನಿಲ್ಲದೆ ಮೂವತ್ತನಾಲ್ಕು ವರ್ಷ ಭಾನುವಾರ ತಪ್ಪಿಸಿದವಳಲ್ಲ, ಪುಸ್ತಕದ ಈ ಶಬ್ದ ಅವಳಿಗೆ ಸೇರಬೇಕು ಎಂದು ಹಿಂದಿ ಕನ್ನಡ ಬೆರೆಸಿ ಹೇಳಿದರು. ಮುಂದಿನ ವಾರ ವಿಜೇತಾ ಇಗರ್ಜಿಯ ಮೆಟ್ಟಿಲಲ್ಲಿ ಬೆನೆಡಿಕ್ಟಾ ಅವರನ್ನು ಹಿಡಿದು ಇದನ್ನೆಲ್ಲ ಹೇಳಿದಳು. ಅವರು ಕೇಳಿಸದವರ ಹಾಗೆ ಸೆರಗು ಸರಿಮಾಡಿಕೊಂಡರು. ಆ ಮಧ್ಯಾಹ್ನ ಮನೆಯಲ್ಲಿ ಕೋಳಿ ಸುಕ್ಕ ಆಗಿತ್ತು.

ಸೆಪ್ಟೆಂಬರಿನಲ್ಲಿ ಮಕ್ಕಳಿಗೆ ಒಂದು ದಿನದ ಧ್ಯಾನಕೂಟ. ಅದರಲ್ಲಿ, ನೀವು ಯಾರ ಮನಸ್ಸು ನೋಯಿಸಿದ್ದೀರೋ ಅವರಿಗೊಂದು ಪತ್ರ ಬರೆಯಿರಿ, ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದು ವಿಜೇತಾ ಹೇಳಿದಳು. ಮಕ್ಕಳು ಐದು ನಿಮಿಷದಲ್ಲಿ ಮುಗಿಸಿದರು. ಬೊನಿಫಾಸ್ ಊಟದ ಬೆಲ್ಲಿನ ತನಕ ಬರೆದರು. ಬರೆದದ್ದು ಊರಿನಲ್ಲಿರುವ ತಂಗಿ ಫೆಲ್ಸಿಗೆ. ೧೯೯೮ರಲ್ಲಿ ಅವಳು ತನ್ನ ಚೊಚ್ಚಲ ಮಗನಿಗೆ ಅಣ್ಣನೇ ಧರ್ಮಪಿತನಾಗಬೇಕೆಂದು ಕೇಳಿದ್ದಳು. ಬೊನಿಫಾಸ್ ರಜೆ ಸಿಗುವುದಿಲ್ಲ ಎಂದಿದ್ದರು. ರಜೆ ಸಿಗುತ್ತಿತ್ತು. ಆಗಲೂ ಸರ್ಟಿಫಿಕೇಟು ಕೇಳಿಯಾರು ಎಂಬ ನಾಚಿಕೆ. ಅಂದಿನಿಂದ ತಂಗಿ ಹಬ್ಬಕ್ಕೆ ಫೋನು ಮಾಡಿದರೂ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ.

ಬೊನಿಫಾಸ್ ಪತ್ರವನ್ನು ಅಂಚೆಗೆ ಹಾಕಿದರು. ಹತ್ತು ದಿನಗಳ ಮೇಲೆ ಫೆಲ್ಸಿಯ ಫೋನು ಬಂತು.

"ಇಷ್ಟಕ್ಕಾ? ನಿನ್ನ ಹೆಂಡತಿ ಬೇಡ ಅಂದಿರಬೇಕು ಅಂತ ನಾನು ಇಪ್ಪತ್ತೇಳು ವರ್ಷ ನೆನೆಸಿದ್ದೆ."

ಫೋನು ಬೆನೆಡಿಕ್ಟಾಗೆ ಕೊಡು ಎಂದಳು ಫೆಲ್ಸಿ. ಅತ್ತಿಗೆ ನಾದಿನಿ ಒಂದು ಗಂಟೆ ಮಾತಾಡಿದರು. ಬೊನಿಫಾಸ್ ಸಂಜೆಯ ಪಾಳಿಗೆ ಹೊರಟು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗಲೂ ಮಾತು ಮುಗಿದಿರಲಿಲ್ಲ. ಬೆನೆಡಿಕ್ಟಾ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು.

ದೃಢೀಕರಣಕ್ಕೆ ಒಬ್ಬ ಸಂತರ ಹೆಸರು ಆರಿಸಿಕೊಳ್ಳಬೇಕು. ಮಕ್ಕಳೆಲ್ಲ ಮೊಬೈಲಿನಲ್ಲಿ ಹುಡುಕಿ ಹೊಸ ಹೊಸ ಹೆಸರು ತಂದರು. ಬೊನಿಫಾಸ್ ಲಾರೆನ್ಸ್ ಎಂದು ಬರೆಸಿದರು. ಚಿಕ್ಕವರಿದ್ದಾಗ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರಿಗೆ ಮೊಂಬತ್ತಿ ಹಚ್ಚಿದ ನೆನಪು, ಅಷ್ಟೇ. ವಿಜೇತಾಗೆ ಖುಷಿಯಾಗಿ, ಅವರು ಅಡುಗೆಯವರ ಸಂತ, ಕಾದ ಕಬ್ಬಿಣದ ಮೇಲೆ ಅವರನ್ನು ಸುಟ್ಟು ಕೊಂದರಂತೆ ಎಂದು ಹೇಳಿದಳು. ಇದನ್ನು ಹೋಟೆಲಿನಲ್ಲಿ ಕೇಳಿದ ಶೆಟ್ಟರು, ಒಂದು ಭಾನುವಾರ ನಮ್ಮ ಕಾವಲಿಯ ಮುಂದೆ ನಿಂತರೆ ಯಾರು ಬೇಕಾದರೂ ಸಂತರಾಗುತ್ತಾರೆ ಎಂದರು. ಅಷ್ಟರಲ್ಲಿ ಅವರ ದೋಸೆಯೂ ದುಂಡಗಾಗಿತ್ತು ಎನ್ನಬೇಕು.

ಇನ್ನೊಂದು ವಿಷಯ ಉಳಿದಿತ್ತು. ಬಿಷಪರ ಮುಂದೆ ನಿಲ್ಲುವಾಗ ಹಿಂದೆ ಒಬ್ಬರು ನಿಂತು ಹೆಗಲ ಮೇಲೆ ಕೈ ಇಡಬೇಕು, ಜೊತೆಗಿದ್ದೇನೆ ಎನ್ನುವ ಹಾಗೆ. ನಿಶಾ ತಾನೇ ನಿಲ್ಲುತ್ತೇನೆ ಎಂದಳು. ಮಗಳು ಅಪ್ಪನಿಗೆ ನಿಲ್ಲಬಹುದೇ ಎಂದು ಕೇಳಿದಾಗ ಪಾದ್ರಿಗಳು ಧಾರಾಳವಾಗಿ ಎಂದರು. ಹೆರಿಗೆಗೆ ಡಾಕ್ಟರರು ಕೊಟ್ಟ ದಿನ ಡಿಸೆಂಬರಿನ ಎರಡನೇ ವಾರ. ಬಿಷಪರು ಬರುವುದು ನವೆಂಬರಿನ ಕೊನೆಯ ಭಾನುವಾರ. ನಿಶಾ ಅದಕ್ಕೆಂದೇ ಹಸಿರು ಬಣ್ಣದ ಸಡಿಲ ಉಡುಪು ಹೊಲಿಸಿದ್ದಳು.

ಆದರೆ ಮಗು ಅಷ್ಟು ದಿನ ಕಾಯಲಿಲ್ಲ. ಆ ಶುಕ್ರವಾರ ಮಧ್ಯಾಹ್ನ ನಿಶಾಗೆ ನೋವು ಶುರುವಾಗಿ, ಸಂಜೆಗೆ ಹೆಣ್ಣು ಮಗು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ಆದರೆ ಇಬ್ಬರೂ ಕ್ಷೇಮ. ಶನಿವಾರವಿಡೀ ಬೊನಿಫಾಸ್ ಆಸ್ಪತ್ರೆಯಲ್ಲಿದ್ದರು. ಭಾನುವಾರ ತಾನು ಹೋಗುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದು ಹೆಂಡತಿಗೆ ಹೇಳಿದರು. ಹಾಸಿಗೆಯಲ್ಲಿ ಮಲಗಿದ್ದ ನಿಶಾಗೆ ಅದು ಕೇಳಿಸಿತು.

"ಪಪ್ಪಾ, ಇಪ್ಪತ್ತು ವಾರ ಕ್ಲಾಸ್ ಮಾಡಿದ್ದು ಯಾಕೆ? ನೀವು ಹೋಗಿ. ಮಮ್ಮಿ ಇಲ್ಲಿ ಇರ್ತಾಳೆ."

ಹಾಗಾಗಿ ಆ ಭಾನುವಾರ ಬೊನಿಫಾಸ್ ಒಬ್ಬರೇ ಹೊರಟರು. ಒಬ್ಬರೇ ಅಂದರೆ ಮನೆಯವರಿಲ್ಲದೆ. ಬೆನೆಡಿಕ್ಟಾ ಬೆಳಿಗ್ಗೆಯೇ ಶೆಟ್ಟರಿಗೆ ಫೋನು ಮಾಡಿದ್ದರು, ಶೆಟ್ಟರು ನನಗೆ. ಹೋಟೆಲಿನ ಮುಂದೆ 'ಇಂದು ದೋಸೆ ಇಲ್ಲ' ಎಂಬ ಬೋರ್ಡು ತೂಗುಹಾಕಿ, ಇಡ್ಲಿ ವಡೆಯನ್ನು ಸೊಸೆಯ ಸುಪರ್ದಿಗೆ ಬಿಟ್ಟು, ಶೆಟ್ಟರು ರೇಷ್ಮೆ ಶರ್ಟಿನಲ್ಲಿ ಬಂದರು. ನಾವಿಬ್ಬರೂ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತೆವು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಮುಂದಿನವರನ್ನು ನೋಡಿ ಮಾಡುತ್ತಿದ್ದೆವು.

ಮಕ್ಕಳೆಲ್ಲ ಬಿಳಿ ಬಟ್ಟೆಯಲ್ಲಿ ಸಾಲಾಗಿ ಹೊರಟರು. ಸಾಲಿನ ಕೊನೆಗೆ ಬೊನಿಫಾಸ್, ಬಿಳಿ ಶರ್ಟು, ಕಪ್ಪು ಪ್ಯಾಂಟು. ಪ್ರತಿ ಮಗುವಿನ ಹಿಂದೆ ಒಬ್ಬ ದೊಡ್ಡವರು. ಬೊನಿಫಾಸರ ಹಿಂದೆ ಖಾಲಿ. ಅವರು ಒಮ್ಮೆ ತಿರುಗಿ ನೋಡಿದ್ದು ನನಗೆ ಕಂಡಿತು. ಶೆಟ್ಟರು ನನ್ನ ಕಿವಿಯಲ್ಲಿ, ನಾನು ಹೋಗಿ ನಿಲ್ಲಬಹುದಾ ಎಂದು ಕೇಳಿದರು. ನಾನು ಅವರ ತೋಳು ಹಿಡಿದು ಕೂರಿಸುವಷ್ಟರಲ್ಲಿ ಪಕ್ಕದ ಸಾಲಿನಿಂದ ವಿಜೇತಾ ಎದ್ದಳು. ಪಾದ್ರಿಗಳ ಕಡೆ ನೋಡಿದಳು. ಅವರು ತಲೆಯಾಡಿಸಿದರು. ಅವಳು ಬಂದು ಬೊನಿಫಾಸರ ಬಲ ಹೆಗಲ ಮೇಲೆ ಕೈ ಇಟ್ಟಳು. ಎತ್ತರದಲ್ಲಿ ಅವಳು ಅವರ ಕಿವಿಯ ತನಕ ಬರುತ್ತಿದ್ದಳು.

ಬಿಷಪರು ಹಣೆಗೆ ಎಣ್ಣೆ ಹಚ್ಚಿ ಲಾರೆನ್ಸ್ ಎಂದು ಕರೆದರು. ಬೊನಿಫಾಸ್ ಆಮೆನ್ ಎಂದದ್ದು ಕೊನೆಯ ಬೆಂಚಿಗೂ ಕೇಳಿಸಿತು. ಬಿಷಪರು ಏನೋ ಕೇಳಿದರು, ಇವರು ಏನೋ ಹೇಳಿದರು, ಬಿಷಪರು ನಕ್ಕರು. ಆಮೇಲೆ ಕೇಳಿದಾಗ ತಿಳಿಯಿತು: ಇಷ್ಟು ತಡ ಏಕೆ ಎಂದು ಬಿಷಪರು ಮರಾಠಿಯಲ್ಲಿ ಕೇಳಿದ್ದಂತೆ, ಭಾನುವಾರ ಗಿರಾಕಿ ಜಾಸ್ತಿ ಎಂದು ಇವರು ಹೇಳಿದ್ದಂತೆ.

ಪೂಜೆ ಮುಗಿದ ಮೇಲೆ ಫೋಟೋ, ಕೇಕು, ಶಾನೆಲಳ ಮನೆಯವರ ಪರಿಚಯ. ಬೊನಿಫಾಸ್ ಯಾವುದಕ್ಕೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಣೆ ಒರೆಸದೆ ನೇರ ಆಸ್ಪತ್ರೆಗೆ ರಿಕ್ಷಾ ಹಿಡಿದರು. ಎಣ್ಣೆಯ ಸುಗಂಧ ಇನ್ನೂ ಇತ್ತು, ಮಗುವನ್ನು ಎತ್ತಿಕೊಂಡಾಗ ಅದು ಸೀನಿತು ಎಂದು ಬೆನೆಡಿಕ್ಟಾ ಹೇಳುತ್ತಾರೆ.

ಜನವರಿಯಲ್ಲಿ ಮಗುವಿನ ದೀಕ್ಷಾಸ್ನಾನವಾಯಿತು, ಧರ್ಮಪಿತ ಬೊನಿಫಾಸರೇ. ಫೆಲ್ಸಿ ತನ್ನ ಮಗನೊಂದಿಗೆ ಊರಿನಿಂದ ಬಂದು ಎಂಟು ದಿನ ಇದ್ದು ಹೋದಳು. ಭಾನುವಾರ ಬೆಳಗಿನ ಪೂಜೆಗೆ ಗಂಡ ಹೆಂಡತಿ ಈಗಲೂ ಜೊತೆಯಾಗಿಯೇ ಹೋಗುತ್ತಾರೆ. ಆ ರಜೆಯನ್ನು ಶೆಟ್ಟರು ವಾಪಸು ಕೇಳಲಿಲ್ಲ.

ಫೆಬ್ರುವರಿಯ ಒಂದು ಭಾನುವಾರ ಪಾದ್ರಿಗಳು ಪೂಜೆಯ ಕೊನೆಗೆ ಒಂದು ಪ್ರಕಟಣೆ ಓದಿದರು: ಕೆಲಸದಿಂದಾಗಿ ಯಾವುದೇ ಸಂಸ್ಕಾರ ತಪ್ಪಿಸಿಕೊಂಡ ದೊಡ್ಡವರಿದ್ದರೆ ಸಂಕೋಚವಿಲ್ಲದೆ ಬನ್ನಿ. ನಾಲ್ಕು ಜನ ಬಂದರು. ಒಬ್ಬ ವಾಚ್‌ಮನ್, ಒಬ್ಬ ರಿಕ್ಷಾ ಚಾಲಕ, ಇಬ್ಬರು ಮನೆಗೆಲಸದ ಹೆಂಗಸರು. ಯಾರಿಗೂ ಇಂಗ್ಲಿಷು ಬಾರದು. ವಿಜೇತಾ ಪಾದ್ರಿಗಳಿಗೆ ಬೊನಿಫಾಸರ ಹೆಸರು ಹೇಳಿದಳು. ಈಗ ಗುರುವಾರ ಮಧ್ಯಾಹ್ನ ಎರಡೂವರೆಗೆ, ಹೋಟೆಲಿನ ಬಿಡುವಿನಲ್ಲಿ, ಶಾಲೆಯ ಕೆಳಗಿನ ಕೋಣೆಯಲ್ಲಿ ಅವರು ಆ ನಾಲ್ವರ ಜೊತೆ ಕೂರುತ್ತಾರೆ. ಹಿಂದಿ, ಮರಾಠಿ, ಕನ್ನಡ, ಯಾವುದು ಬಂದರೆ ಅದು.

ಒಂದು ಗುರುವಾರ ಅವರನ್ನು ಹುಡುಕಿಕೊಂಡು ನಾನೂ ಅಲ್ಲಿಗೆ ಹೋಗಿದ್ದೆ. ಬೆಳಗಾವಿ ಕಡೆಯ ರೋಸವ್ವ ಎಂಬಾಕೆ ಪುಸ್ತಕವನ್ನು ದೂರ ಸರಿಸಿ, "ನನಗ ಓದಾಕ ಬರಂಗಿಲ್ರಿ ಅಣ್ಣಾರ," ಎನ್ನುತ್ತಿದ್ದರು.

"ಓದುವುದು ಬೇಡ," ಎಂದರು ಬೊನಿಫಾಸ್. "ಚಿಕ್ಕವರಿದ್ದಾಗ ಮನೆಯಲ್ಲಿ ಸಂಜೆ ಪ್ರಾರ್ಥನೆ ಹೇಳ್ತಿದ್ರಲ್ಲ, ಅದು ನೆನಪುಂಟಾ? ಅದನ್ನೇ ಹೇಳಿ."

ರೋಸವ್ವ ಕಣ್ಣು ಮುಚ್ಚಿದರು. ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದು ಶುರುಮಾಡಿದರು.